ಹಂಚಿನ ಮಾಡಿನಲ್ಲಿ ಕಲಿತ ಗ್ರಾಫು

ಕಳೆದ ವಾರ ನಮ್ಮ ಮನೆಯ ಹಳೆಯ ಹಂಚಿನ ಮಾಡು ಇಳಿಸಿದರು. ಅಂಗಳದಲ್ಲಿ ರಾಶಿ ಬಿದ್ದ ಹಂಚಿನ ಧೂಳು, ಒಣಗಿದ ಪಾಚಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಲೆಕ್ಕದ ಟೀಚರು ನೆನಪಾದರು…

ಅರುವತ್ತರ ದಶಕದ ಮಾತು. ಕಕ್ಕಿಂಜೆಯಿಂದ ಚಾರ್ಮಾಡಿಗೆ ಹೋಗುವ ದಾರಿಯಲ್ಲಿ ನಮ್ಮ ಶಾಲೆ. ನಾನು ಏಳನೆಯ ತರಗತಿ. ಉಳಿದದ್ದನ್ನೆಲ್ಲ ಹೇಗೋ ದಾಟುತ್ತಿದ್ದೆ, ಲೆಕ್ಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. "ಈ ಸಲ ಫೇಲಾದರೆ ಶಾಲೆ ಸಾಕು. ಅಕ್ಕನ ಒಟ್ಟಿಗೆ ಬೀಡಿ ಕಟ್ಟು," ಎಂದು ಅಪ್ಪ ಹೇಳಿಯಾಗಿತ್ತು. ಅವರು ಹೇಳಿದ್ದನ್ನು ಮಾಡುವ ಜನವೇ. ಬೀಡಿ ಕಟ್ಟುವುದು ಕೀಳಲ್ಲ, ಆದರೆ ನನಗೆ ಶಾಲೆ ಬೇಕಿತ್ತು.

ಆ ವರ್ಷ ಗ್ರಾಫು ಬಂತು. ಚೌಕುಳಿ ಕಾಗದದಲ್ಲಿ ಎರಡು ಸಂಖ್ಯೆ ಹಿಡಿದು ಚುಕ್ಕಿ ಇಡುವುದು. ನಾನು ಇಟ್ಟ ಚುಕ್ಕಿ ಯಾವತ್ತೂ ಬೇರೆಲ್ಲೋ ಹೋಗಿ ಕೂರುತ್ತಿತ್ತು.

ಪರೀಕ್ಷೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ, ಮುಂದಿನ ಮಳೆಗಾಲಕ್ಕೆಂದು ಶಾಲೆಯ ಒಡೆದ ಹಂಚು ಬದಲಿಸಲು ಆಳು ಬಂದಿದ್ದ. ಟೀಚರು ಪಾಠ ನಿಲ್ಲಿಸಿ ನಮ್ಮನ್ನು ಮೇಲೆ ನೋಡಲು ಹೇಳಿದರು. ಒಡೆದಲ್ಲೆಲ್ಲ ಬಿಸಿಲು ಚುಕ್ಕಿಯಾಗಿ ಕಾಣುತ್ತಿತ್ತು. "ಆ ಮೂಲೆಯ ಹಂಚು ಸೊನ್ನೆ. ಅಲ್ಲಿಂದ ಅಡ್ಡಕ್ಕೆ ಎಷ್ಟು, ಮೇಲಕ್ಕೆ ಎಷ್ಟು, ಎಣಿಸಿ ಅವನಿಗೆ ಕೂಗಿ ಹೇಳುವ," ಎಂದರು. ಒಬ್ಬೊಬ್ಬರೇ ಕೂಗಿದೆವು. ಮೇಲಿದ್ದವನು ಅದೇ ಮೂಲೆಯಿಂದ ಎಣಿಸಿ ಬಂದು ಸರಿಯಾಗಿ ಒಡೆದ ಹಂಚನ್ನೇ ಎತ್ತುತ್ತಿದ್ದ. ನಮಗೋ ಕುಣಿಯುವಷ್ಟು ಖುಷಿ.

ನನ್ನ ಸರದಿ. ಅಡ್ಡಕ್ಕೆ ಏಳು, ಮೇಲಕ್ಕೆ ಮೂರು ಎನ್ನಬೇಕಿತ್ತು. ನಾನು ಜೋರಾಗಿ ಅಡ್ಡಕ್ಕೆ ಮೂರು, ಮೇಲಕ್ಕೆ ಏಳು ಎಂದೆ. ಅವನು ಒಳ್ಳೆಯ ಹಂಚನ್ನು ಎತ್ತಿಬಿಟ್ಟ. ಅದರಡಿಯ ಇಲಿಯ ಗೂಡು, ಹುಲ್ಲು ಧೂಳು ಸಮೇತ, ಆಗಷ್ಟೇ ಒಳಗೆ ಬಂದ ಹೆಡ್‌ಮಾಸ್ಟರ ತಲೆಯ ಮೇಲೆ!

"ಯಾರದ್ದು ಮಾರಾಯ್ರೆ ಈ ಲೆಕ್ಕ?" ಎಂದು ಅವರು ಗುಡುಗಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಟೀಚರು ನಗು ತಡೆದುಕೊಂಡು ನನ್ನ ಕೈ ಹಿಡಿದರು. ಗೋಡೆಯ ಬುಡದಲ್ಲಿ ಏಳು ಹಂಚಿನಷ್ಟು ದೂರ ನಡೆಸಿದರು, ಆಮೇಲೆ ಅಲ್ಲಿ ಒರಗಿಸಿದ್ದ ಆಳಿನ ಏಣಿಯ ಮೂರು ಮೆಟ್ಟಿಲು ಹತ್ತಿಸಿದರು. "ಮೊದಲು ನಡಿ, ಮತ್ತೆ ಹತ್ತು. ಏಣಿ ಹತ್ತಿದ ಮೇಲೆ ನಡೆಯಲು ಉಂಟಾ?"

ಅಷ್ಟೇ. ತಿಂಗಳುಗಟ್ಟಲೆ ತಲೆಗೆ ಹತ್ತದ್ದು ಕಾಲಿಗೆ ಹತ್ತಿತು. ಮುಂದಿನ ವಾರವೆಲ್ಲ ಸ್ಲೇಟಿನಲ್ಲಿ ಮಾಡು ಬರೆದು, ಒಬ್ಬಳು ತೂತು ಹೇಳುವುದು, ಇನ್ನೊಬ್ಬಳು ಹುಡುಕುವುದು, ಅದೇ ಆಟ.

ಪಬ್ಲಿಕ್ ಪರೀಕ್ಷೆಯಲ್ಲಿ ಗ್ರಾಫು ಬಂದೇ ಬಂತು. ಬರೆದೆ. ಆದರೂ ಫಲಿತಾಂಶದ ದಿನ ಹೆದರಿ ಮನೆಯಲ್ಲೇ ಕೂತಿದ್ದೆ. ಮಧ್ಯಾಹ್ನ ನೋಡಿದರೆ ಗದ್ದೆಯ ಅಂಚಿನ ಹುಣಿಯ ಮೇಲೆ ಟೀಚರು! ಬೆಳ್ತಂಗಡಿಗೆ ಹೋಗಿ ಪಟ್ಟಿ ನೋಡಿಕೊಂಡು, ಬಸ್ಸಿಳಿದು ಉರಿಬಿಸಿಲಲ್ಲಿ ನಮ್ಮ ಮನೆಯವರೆಗೆ ನಡೆದು ಬಂದಿದ್ದರು. ಜಗುಲಿ ಹತ್ತುವ ಮೊದಲೇ ಅಪ್ಪನಿಗೆ ಹೇಳಿದರು: "ಪಾಸಾಗಿದ್ದಾಳೆ. ಇನ್ನು ನೀವು ಶಾಲೆ ಬಿಡಿಸುವ ಹಾಗಿಲ್ಲ."

ಅಪ್ಪ ತಲೆಯಾಡಿಸಿದರು. ಎದೆಯ ಮೇಲಿನ ಕಲ್ಲು ಇಳಿಯಿತು, ನಾನು ಅತ್ತೇಬಿಟ್ಟೆ. ಅಷ್ಟು ಹಗುರ ಮತ್ತೆಂದೂ ಆಗಿಲ್ಲ… ಮುಂದೆ ಟೀಚರಿಗೆ ವರ್ಗವಾಯಿತು. ತೀರಿಕೊಂಡ ಸುದ್ದಿಯೂ ನನಗೆ ತಡವಾಗಿಯೇ ಸಿಕ್ಕಿತು.

ಈಗ ಅಂಗಳದಲ್ಲಿ ಕೂತು ಒಂದೇ ಯೋಚಿಸುತ್ತಿದ್ದೇನೆ. ಮನೆಗೆ ಯಾರೇ ಬಂದರೂ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕ್ರಮ. ಅಂದಿನ ಸಂತೋಷದಲ್ಲಿ ನಾವ್ಯಾರೂ ಅವರಿಗೆ ಒಂದು ಲೋಟ ನೀರು ಕೊಡಲಿಲ್ಲ. ಅವರೂ ಕೇಳಲಿಲ್ಲ.