ಬೈರಮ್ಮನ ಬಾಯಿಗೆ ಬಾರದ ಹೆಸರು

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಹೂವು ಮಾರುತ್ತಿದ್ದ ಬೈರಮ್ಮನ ಬಳಿ ಜನ ಎರಡು ಕಾರಣಕ್ಕೆ ಬರುತ್ತಿದ್ದರು. ಒಂದು ಹೂವಿಗೆ, ಇನ್ನೊಂದು ಪದಕ್ಕೆ. ನಮ್ಮ ಮನೆಗಳಲ್ಲಿ ಮದುಮಗಳು ಗಂಡನ ಮನೆಯ ಹೊಸಿಲು ದಾಟುವ ಮೊದಲು ನಾದಿನಿಯರು ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಸೇರಿಸಿ ಎರಡು ಸಾಲು ಪದ ಹೇಳಿದರೇ ಒಳಗೆ ಬಿಡುವುದು. ಒಮ್ಮೆ ಹೀಗೆ ಹೇಳಿಸಿ, ಆಮೇಲೆ ಜೀವಮಾನವಿಡೀ ಆ ಹೆಸರು ಎತ್ತಬೇಡ ಅನ್ನುತ್ತಾರೆ. ಇದ್ಯಾವ ನ್ಯಾಯವೋ ನನಗಂತೂ ಅರ್ಥವಾಗಿಲ್ಲ.

ಬೈರಮ್ಮನಿಗೆ ಓದು ಬರಹ ಇರಲಿಲ್ಲ. ಮೊಗ್ಗು ಕಟ್ಟುತ್ತಲೇ ಪದವನ್ನೂ ಕಟ್ಟುತ್ತಿದ್ದಳು. ಜೀವನ್ ಬಿಮಾ ನಗರದ ಸುಕನ್ಯಳಿಗೆ ಕೊಟ್ಟದ್ದು ಇದು:

“ಹಣೆಬರ ಓದೋಕೆ ಕನ್ನಡಕ ಸಿಗಲಿಲ್ಲ,
ಶ್ರೀನಾಥ್ ಸಿಕ್ಕ ಮೇಲೆ ಓದೋ ಅಗತ್ಯ ಬೀಳಲಿಲ್ಲ.”

ನನಗೂ ಅವಳೇ ಕಟ್ಟಿಕೊಟ್ಟಿದ್ದಳು:

“ಕೋಪ ಬಂದ್ರೆ ಊಟ ಬಿಡೋರು ಊರ ಗಂಡಸರು,
ಹಸಿವಾದ್ರೆ ಕೋಪ ಬಿಡೋರು ನಮ್ಮ ನಿತೀಶ ಅವರು.”

ಮದುವೆಗೆ ಮುಂಚೆ ಅವಳು ನನ್ನ ಗಂಡನನ್ನು ನೋಡಿಯೂ ಇರಲಿಲ್ಲ. ಇಷ್ಟು ವರ್ಷವಾಯಿತು, ಅದರಲ್ಲಿ ಒಂದಕ್ಷರ ಸುಳ್ಳಾಗಿಲ್ಲ.

ಇಂಥ ಬೈರಮ್ಮ ತನ್ನ ಗಂಡನ ಹೆಸರನ್ನು ಮಾತ್ರ ಎತ್ತುತ್ತಿರಲಿಲ್ಲ. ಆತ ಮುನಿರಾಜಪ್ಪ, ಕಾರ್ಖಾನೆಯಿಂದ ನಿವೃತ್ತನಾಗಿ ಅವಳ ಪಕ್ಕದಲ್ಲೇ ಕೂತು ದಾರ ಸುತ್ತುತ್ತಿದ್ದ ಮನುಷ್ಯ. ರೇಷನ್ ಕಾರ್ಡಿನವರು ಹೆಸರು ಕೇಳಿದರೆ ಪಕ್ಕದವರನ್ನು ಮುಂದೆ ತಳ್ಳುತ್ತಿದ್ದಳು. ಅದೇ ಹೆಸರಿನ ಬೇರೆಯವರಿದ್ದರೆ ಅವರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

೧೯೯೮ರಲ್ಲಿ ಅವಳ ಪಕ್ಕದ ಮನೆಯ ಹಂಸಳ ಮದುವೆ ಗೊತ್ತಾಯಿತು. ಬೈರಮ್ಮ ಎತ್ತಿ ಆಡಿಸಿದ ಹುಡುಗಿ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು. “ಆಂಟಿ, ಅವ್ರ ಮನೇಲಿ ಎಲ್ರೂ ಬಾಯಿ ಜೋರು. ನಾನು ತಡವರಿಸಿದ್ರೆ ಸಾಯೋವರ್ಗೂ ಆಡ್ಕೊಂಡು ನಗ್ತಾರೆ. ಒಳ್ಳೇದೊಂದು ಪದ ಕೊಡಿ” ಎಂದು ಕೈ ಹಿಡಿದಳು.

“ಹುಡುಗನ ಹೆಸರೇನೇ?”

“ಮುನಿರಾಜು.”

ಬೈರಮ್ಮ ಪೆಚ್ಚಾದಳು. ಆದರೆ ಹಂಸಳಿಗೆ ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಎರಡು ದಿನ ಕೂತು ಪದ ಕಟ್ಟಿದಳು. ಹೇಳಿಕೊಡುವಾಗ ಹೆಸರು ಬರುವ ಕಡೆ “ಹ್ಞೂಂ” ಎಂದಳು. “ಅಲ್ಲಿ ನಿನ್ನ ಗಂಡನ ಹೆಸ್ರು ಹಾಕ್ಕೊಳೇ” ಎಂದಳು. ಹಂಸ ವಾರವಿಡೀ ಅವಳ ಮುಂದೆ ಕೂತು ಅವಳು ಹೇಳಿದ ಹಾಗೇ ಉರು ಹೊಡೆದಳು.

ಹಲಸೂರಿನಲ್ಲಿ ಗಂಡಿನ ಮನೆ. ಮದುವೆ ಮುಗಿಸಿ ಬಂದಾಗ ಹೊಸಿಲ ಬಳಿ ಹೆಂಗಸರು ಕಿಕ್ಕಿರಿದಿದ್ದರು. ನಮ್ಮ ಜೊತೆ ಹೂವಿನ ಬುಟ್ಟಿ ಹೊತ್ತು ಬೈರಮ್ಮ, ಮುನಿರಾಜಪ್ಪ ಇಬ್ಬರೂ ಬಂದಿದ್ದರು. ಹಂಸ ಬಾಯಿ ತೆರೆದಳು:

“ಹೂವ ಮೊಳದಲ್ಲಿ ಅಳೆದೆ, ಅಕ್ಕಿ ಪಾವಲ್ಲಿ ಅಳೆದೆ,
ಹ್ಞೂಂ...”

ನಾದಿನಿ ಅಂಜಿನಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಹ್ಞೂಂ ಅಂದ್ರೆ ಯಾರಮ್ಮಾ? ನಮ್ಮಣ್ಣಂಗೆ ಹೆಸ್ರಿಲ್ವಾ?”

ಎಲ್ಲರೂ ಗೊಳ್ಳೆಂದರು. ಹಂಸ ಮತ್ತೆ ಶುರು ಮಾಡಿದಳು, ಮತ್ತೆ “ಹ್ಞೂಂ” ಬಂತು. ಮೂರನೆಯ ಸಲವೂ ಅದೇ, ಕಣ್ಣು ತುಂಬಿತು. ನನಗಂತೂ ಆ ಅಂಜಿನಮ್ಮನ ಬಾಯಿಗೆ ಒಂದು ಲಾಡು ತುರುಕಬೇಕೆನ್ನಿಸಿತು.

ಬೈರಮ್ಮನಿಂದ ನೋಡಲಾಗಲಿಲ್ಲ. ಬುಟ್ಟಿ ಕೆಳಗಿಟ್ಟು, ಜನರನ್ನು ಸರಿಸಿ ಮುಂದೆ ಬಂದು, ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದಳು:

“ಹೂವ ಮೊಳದಲ್ಲಿ ಅಳೆದೆ, ಅಕ್ಕಿ ಪಾವಲ್ಲಿ ಅಳೆದೆ,
ಮುನಿರಾಜಪ್ಪನ ಪ್ರೀತಿ ಅಳೆಯೋಕ್ಹೋಗಿ ಅಳತೇನೇ ಮರೆತೆ!”

ಮದುಮಗ ಮುನಿರಾಜು. ಮುನಿರಾಜಪ್ಪ ಯಾರೆಂದು ನಮಗೆಲ್ಲ ಗೊತ್ತಿತ್ತು. ಬೈರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೊದಲು ನಕ್ಕವಳು ಹಂಸ. ಕಣ್ಣೀರು ಒರೆಸಿಕೊಂಡು, ನಗುನಗುತ್ತಲೇ “ಮುನಿರಾಜು” ಸೇರಿಸಿ ಪದವನ್ನು ಪೂರ್ತಿ ಹೇಳಿದಳು. ಅಂಜಿನಮ್ಮ ಸೋತು ಪಕ್ಕಕ್ಕೆ ಸರಿದಳು, ಹಂಸ ಬಲಗಾಲಿಟ್ಟು ಒಳಗೆ ಹೋದಳು.

ಹೊರಗೆ ಮುನಿರಾಜಪ್ಪ ಹೆಂಡತಿಯ ಎದುರು ಬಂದು ನಿಂತಿದ್ದ. ಅವರ ಮದುವೆಯಾಗಿ ನಲವತ್ತು ವರ್ಷವಾಗಿತ್ತು, ಆತ ಅಷ್ಟು ಸಂತೋಷಪಟ್ಟದ್ದನ್ನು ನಾವ್ಯಾರೂ ನೋಡಿರಲಿಲ್ಲ.

“ಇನ್ನೊಂದ್ಸಲ ಹೇಳೇ” ಎಂದ.

“ಹೋಗ್ರೀ” ಎಂದಳು ಬೈರಮ್ಮ. ಸುತ್ತಮುತ್ತ ನೋಡಿ, ಮೆಲ್ಲಗೆ, ಹೆಸರನ್ನಷ್ಟೇ ಇನ್ನೊಮ್ಮೆ ಹೇಳಿದಳು.