ಒಂದು ಹೆಜ್ಜೆ ಹಿಂದಕ್ಕೆ

ನಮ್ಮ ಸ್ಟುಡಿಯೋ ಮೇಷ್ಟ್ರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ನಲವತ್ತು ವರ್ಷ ಬಲಗಣ್ಣನ್ನು ಕ್ಯಾಮೆರಾದ ಕಿಂಡಿಗಿಟ್ಟು ಎಡಗಣ್ಣನ್ನು ಮುಚ್ಚಿ ಮುಚ್ಚಿ, ಅದಕ್ಕೆ ಪೂರ್ತಿ ತೆರೆಯುವುದೇ ಮರೆತುಹೋಗಿತ್ತು. ಕಾಫಿ ಲೋಟವನ್ನೂ ಗುರಿಯಿಟ್ಟೇ ನೋಡುತ್ತಿದ್ದರು. ಕೇಳಿದರೆ, "ಎರಡೂ ಕಣ್ಣು ತೆಗೆದ್ರೆ ಲೋಕ ಜಾಸ್ತಿ ಆಗ್ಬುಡುತ್ತೆ ಕಣಮ್ಮ" ಎನ್ನುತ್ತಿದ್ದರು.

ಮಂಡಿ ಮೊಹಲ್ಲಾದಲ್ಲಿ ಅವರದೊಂದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಮದುವೆ, ನಾಮಕರಣ, ಅಷ್ಟೇ ವ್ಯಾಪಾರ. ಹಬ್ಬದ ರಜೆ ಬಂದರೆ ಬಾಗಿಲೆಳೆದು, ಫೋಟೋ ಹುಚ್ಚು ಹಿಡಿದ ನಮ್ಮಂಥ ಏಳೆಂಟು ಜನರನ್ನು ಬೆಳಿಗ್ಗೆಯೇ ಕುಕ್ಕರಹಳ್ಳಿ ಕೆರೆಗೆ ಕರೆದೊಯ್ಯುತ್ತಿದ್ದರು. ಮೊದಲ ಸುತ್ತಿನಲ್ಲಿ ಕ್ಯಾಮೆರಾ ಚೀಲದೊಳಗೇ ಇರಬೇಕು. ಎರಡನೆಯ ಸುತ್ತಿಗೆ ಹೊರಗೆ ತೆಗೆಯಬಹುದು. ಅಷ್ಟರಲ್ಲಿ ಬೆಳಕು ಹೋಗುತ್ತದೆಂದು ಗೊಣಗಿದರೆ, "ನಾಳೆ ಬರುತ್ತೆ ಬುಡು" ಎಂದು ಮುಂದೆ ನಡೆಯುವರು. ಯಾರನ್ನಾದರೂ ನಿಲ್ಲಿಸಿ ಫೋಟೋ ತೆಗೆಯುವಾಗ ಅವರದು ಒಂದೇ ರಾಗ: "ಒಂದ್ ಹೆಜ್ಜೆ ಹಿಂದಕ್ಕೆ... ಇನ್ನೊಂಚೂರು... ಹಾಂ, ಸಾಕು." ನಾವೆಲ್ಲ ಅದೇ ರಾಗ ಕಲಿತು, ಅವರನ್ನೇ ಅಣಕಿಸುತ್ತಿದ್ದೆವು.

ಎಂಟು ವರ್ಷದ ಹಿಂದಿನ ಸಂಕ್ರಾಂತಿ. ನಮ್ಮ ಅಗ್ರಹಾರದ ಬೀದಿಯವಳೇ ಆದ ನನ್ನ ಗೆಳತಿ ಅವಳಮ್ಮನ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಹಿಂದೆ ನೀರು, ಹಕ್ಕಿ ಬರುವಂತೆ ಒಂದು ಫೋಟೋ ಬೇಕೆಂದಳು. ಉಳಿದವರೆಲ್ಲ ಮುಂದೆ ಹೋಗಿದ್ದರು, ಮೇಷ್ಟ್ರೊಬ್ಬರೇ ಅವರಿಗೂ ನಮಗೂ ನಡುವೆ ಎಲ್ಲೋ ಹಿಂದುಳಿದಿದ್ದರು. ಅವಳು ದಡದ ಕಲ್ಲುಗಳ ಮೇಲೆ ನಿಂತಳು. ನಾನು ಎಡಗಣ್ಣು ಮುಚ್ಚಿ, ಥೇಟ್ ಮೇಷ್ಟ್ರಂತೆಯೇ, "ಒಂದ್ ಹೆಜ್ಜೆ ಹಿಂದಕ್ಕೆ" ಎಂದೆ. ಕಲ್ಲು ಪಾಚಿಗಟ್ಟಿತ್ತು. ಅವಳು ಕಿಂಡಿಯಿಂದ ಮಾಯವಾದಳು. ಸೆರಗು ಸರಿಮಾಡಿಕೊಳ್ಳಲು ಬಗ್ಗಿದಳೆಂದುಕೊಂಡು, ಕ್ಯಾಮೆರಾದಿಂದ ಕಣ್ಣು ತೆಗೆಯದೆ ಕಾದೆ. ಎಷ್ಟು ಹೊತ್ತು ಕಾದೆನೋ ಇವತ್ತಿಗೂ ತಿಳಿಯದು.

ತಲೆ ಕಲ್ಲಿಗೆ ಬಡಿದು ನೀರಿಗೆ ಬಿದ್ದಿದ್ದಳು. ಮೇಷ್ಟ್ರು ಓಡಿ ಬಂದು ಉಟ್ಟ ಬಟ್ಟೆಯಲ್ಲೇ ಇಳಿದರು. ಮೇಲೆ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಆಸ್ಪತ್ರೆಯಲ್ಲಿ ಅವಳ ಅಪ್ಪ ಕೇಳಿದರು, "ಹಿಂದಕ್ಕೆ ಹೋಗು ಅಂದ್ರಂತಲ್ಲ, ಯಾರದು?" ದೂರದಿಂದ ಯಾರೋ ಆ ಮಾತು ಕೇಳಿಸಿಕೊಂಡಿದ್ದರು, ಹೇಳಿದವರು ಯಾರೆಂದು ನೋಡಿರಲಿಲ್ಲ.

"ನಾನೇ ಸ್ವಾಮಿ" ಎಂದರು ಮೇಷ್ಟ್ರು.

ನಾನು ಬಾಯಿ ತೆರೆದೆ. ಅವರು ನನ್ನ ರಟ್ಟೆ ಹಿಡಿದು ಆಚೆ ಕರೆತಂದರು. ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದರು. "ಆ ಮಾತು ಕಲಿಸಿದ್ದು ನಾನೇ ತಾನೆ? ನಿಂಗಿನ್ನೂ ಹತ್ತೊಂಬತ್ತು. ಸುಮ್ನಿದ್ಬುಡು."

ಸುಮ್ಮನಿದ್ದುಬಿಟ್ಟೆ. ಅವರ ಮಾತಿಗೆ ಬೆಲೆ ಕೊಟ್ಟಲ್ಲ, ಹೆದರಿ.

ಕೆರೆಯ ಸುತ್ತಾಟ ಅಲ್ಲಿಗೆ ನಿಂತಿತು. ಸುದ್ದಿ ಹಬ್ಬಿ, ಮಕ್ಕಳನ್ನು ಅವರ ಸ್ಟುಡಿಯೋಗೆ ಕರೆತರಲು ಜನ ಹಿಂಜರಿದರು. ಬಂದವರಿಗೂ ಮೇಷ್ಟ್ರು ಸರಿದು ನಿಲ್ಲಿ ಎನ್ನುತ್ತಿರಲಿಲ್ಲ. ತಾವೇ ಬೆನ್ನು ಗೋಡೆಗೆ ತಾಗುವವರೆಗೂ ಹಿಂದೆ ಹಿಂದೆ ಹೋಗುತ್ತಿದ್ದರು. ನಾನು ಹೋದಾಗಲೆಲ್ಲ ಕಾಫಿ ತರಿಸಿ, ಓದಿನ ವಿಷಯ, ಆಮೇಲೆ ಕೆಲಸದ ವಿಷಯ ಕೇಳುತ್ತಿದ್ದರು. ಆ ದಿನದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಳೆದ ತಿಂಗಳು ಸಕ್ಕರೆ ಕಾಯಿಲೆ ಉಲ್ಬಣಿಸಿ ಹೋಗಿಬಿಟ್ಟರು. ಮನೆ ಮುಂದೆ ಮಲಗಿಸಿದ್ದರು. ಗೆಳತಿಯ ಅಪ್ಪ ಬಂದು ಬೀದಿಯ ತುದಿಯಲ್ಲೇ ನಿಂತಿದ್ದರು. ನಾನು ಅವರ ಹತ್ತಿರ ಹೋಗಿ ಹೇಳಿದೆ, "ಅವತ್ತು ಹಿಂದಕ್ಕೆ ಹೋಗು ಅಂದಿದ್ದು ಮೇಷ್ಟ್ರಲ್ಲ. ನಾನು."

ಬೈಯಲಿಲ್ಲ. ನನ್ನ ಮುಖವನ್ನೇ ನೋಡಿದರು.

"ಎಂಟು ವರ್ಷ ಕಣಮ್ಮ. ಮಾರ್ಕೆಟ್ಟಲ್ಲಿ ಕಂಡಾಗೆಲ್ಲ ನಿಂತು ಕೈ ಮುಗಿಯೋರು. ನಾನು ಒಂದ್ಸಲಾನೂ ತಿರುಗಿ ಮುಗೀಲಿಲ್ಲ. ಅವರಿರೋವಾಗ ಹೇಳ್ಬಾರ್ದಿತ್ತಾ?"

ನನ್ನನ್ನು ದಾಟಿ ಹೋಗಿ, ಚಪ್ಪಲಿ ಬಿಟ್ಟು, ಮೇಷ್ಟ್ರ ಮುಂದೆ ನಿಂತು ಕೈ ಮುಗಿದರು. ಹೆಣ ಎತ್ತುವವರು ಬಂದು ಪಕ್ಕಕ್ಕೆ ಸರಿಸುವವರೆಗೂ ಆ ಕೈ ಇಳಿಸಲಿಲ್ಲ.