ಹೊಳ್ಳಿ ಬಾರದ ಬುಟ್ಟಿಗಳು

ನಾನು ಚಿಕ್ಕವಳಿದ್ದಾಗ ಸವಣೂರಿನ ನಮ್ಮ ತೋಟದ ವೀಳ್ಯದೆಲೆ ಹುಬ್ಬಳ್ಳಿಗೆ ಹೋಗುತ್ತಿತ್ತು. ಬಿದಿರಿನ ಬುಟ್ಟಿಯಲ್ಲಿ ಒದ್ದೆ ಬಾಳೆಲೆ ಹಾಸಿ ಅಪ್ಪ ಎಲೆಯ ಕಟ್ಟುಗಳನ್ನು ಜೋಡಿಸುತ್ತಿದ್ದ. ಮುಂಜಾನೆ ಬಸ್ಸಿನ ಟಾಪಿನ ಮೇಲೆ ಹೋದ ಬುಟ್ಟಿಗಳು ಸಂಜೆ ಖಾಲಿಯಾಗಿ ಮರಳುತ್ತಿದ್ದವು. ತಳ ಸಡಿಲಾದರೆ ಅಕ್ಕ ಹೊಸ ಬಿದಿರ ಸೀಳು ಸೇರಿಸಿ ಬಿಗಿಮಾಡುತ್ತಿದ್ದಳು. ಒಂದು ಬುಟ್ಟಿ ವರ್ಷಗಟ್ಟಲೆ ಬಾಳುತ್ತಿತ್ತು.

ಒಂದು ಬೇಸಿಗೆಯಲ್ಲಿ ಬುಟ್ಟಿಗಳು ಬರುವುದು ನಿಂತುಹೋಯಿತು. ಅಪ್ಪನಿಗೆ ಕಂಡಕ್ಟರನ ಮೇಲೆ ಸಂಶಯ. ಕೇಳಿದರೆ ಆತ ಮುಖ ಸಿಂಡರಿಸಿದ.

"ಅಲ್ಲಿ ಯಾರೂ ಕೊಡವಲ್ರು. ನಂಬಿಕಿ ಇಲ್ಲಂದ್ರ ನೀವ ಬಂದು ನೋಡ್ರಿ."

ಅಪ್ಪ ಅದನ್ನೂ ನಂಬಲಿಲ್ಲ. ಮರುದಿನ ಎಲೆಯ ಜೊತೆ ತಾನೂ ಹೊರಟ. ಅಕ್ಕನನ್ನೂ ನನ್ನನ್ನೂ ಕರೆದುಕೊಂಡ.

ಹುಬ್ಬಳ್ಳಿಯಲ್ಲಿ ನಮ್ಮ ಎಲೆ ಕೊಳ್ಳುತ್ತಿದ್ದ ದಲಾಲರ ಅಂಗಡಿಯ ಹಿಂದೆ ನಮ್ಮ ಬುಟ್ಟಿಗಳು ಮುರಿದು ಬಿದ್ದಿದ್ದವು. ಪಕ್ಕದ ಚಹಾದಂಗಡಿಯವನು ಒಂದನ್ನು ಒಲೆಗೆ ತುರುಕುತ್ತಿದ್ದ. ಒಳಗೆ ಆಳುಗಳು ಎಲೆಯನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬುತ್ತಿದ್ದರು.

"ನೀವೂ ಇನ್ನ ಚೀಲದಾಗ ಕಳಸ್ರಿ," ಎಂದರು ದಲಾಲರು. "ಚೀಲ ನಾವ ಪುಕ್ಕಟೆ ಕೊಡ್ತೇವಿ. ಹೊಳ್ಳಿ ಕಳಸೂ ತ್ರಾಸ ಇಲ್ಲ."

ಪುಕ್ಕಟೆ ಎಂಬ ಮಾತಿಗೆ ಅಪ್ಪನ ಹುಬ್ಬು ಗಂಟಾಯಿತು. ಅಷ್ಟರಲ್ಲಿ ಅಕ್ಕ ಹಿಂದಿನ ದಿನದ ಚೀಲವೊಂದನ್ನು ಬಿಚ್ಚಿದ್ದಳು. ಒಳಗೆ ಬೆವರಿದಂತೆ ನೀರಾಡಿ ಎಲೆ ಕಪ್ಪಗಾಗಿತ್ತು. ಕೊಳೆತ ನಾತ ಮೂಗಿಗೆ ಬಡಿಯಿತು.

"ಕೆಟ್ಟ ಎಲಿ ಯಾರ ತಲಿಗೆ ಕಟ್ತೀರಿ?" ಅಪ್ಪ ಕೇಳಿದ. "ಈ ಚೀಲ ಆಮ್ಯಾಲ ಎಲ್ಲಿ ಹೋಗ್ತಾವು?"

ದಲಾಲರು ಬೇರೆ ಗಿರಾಕಿಯ ಕಡೆ ತಿರುಗಿದರು. ಅಂಗಡಿಯ ಮುಂದಿನ ಗಟಾರ ಅಂಥ ಚೀಲಗಳಿಂದಲೇ ಕಟ್ಟಿಕೊಂಡಿದ್ದನ್ನು ನಾನು ನೋಡಿದ್ದೆ.

ಅಪ್ಪ ಎಲೆ ಕೊಡಲಿಲ್ಲ. ಬಿಸಿಲು ಏರುತ್ತಿತ್ತು. ಎಲ್ಲ ಬಾಡಿಹೋಗುತ್ತದೆಂದು ನನಗೆ ಅಳು ಬಂದಿತ್ತು. ಊರಿಗೆ ಮರಳುವ ದಾರಿಯುದ್ದಕ್ಕೂ ನೀರು ಚಿಮುಕಿಸುತ್ತ ನಡುವಿನ ಶಿಗ್ಗಾಂವಿಗೆ ಬಂದೆವು. ಅಲ್ಲಿ ಪಾನಪಟ್ಟಿ ಅಂಗಡಿಗಳಿಗೆ ಎಲೆ ಹಾಕುವ ಒಬ್ಬ ಮುದುಕಿ ಅದನ್ನು ಕೊಂಡಳು.

"ಬುಟ್ಟಿ ನಾಳಿನ ಬಸ್ಸಿಗೆ ಇಡ್ತೇನಿ," ಅಂದಳು.

ಅಪ್ಪ ಆಕೆಯನ್ನೂ ಪೂರ್ತಿ ನಂಬದೆ ಮರುದಿನ ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತ. ಬುಟ್ಟಿಗಳು ಬಂದವು. ಅದೇ ಕಂಡಕ್ಟರ್ ಇಳಿಸಿಕೊಟ್ಟ. "ನಿಮ್ಮನ್ನ ತಪ್ಪ ತಿಳಕೊಂಡಿದ್ದೆ," ಎಂದ ಅಪ್ಪ. ಅಂದಿನಿಂದ ನಮ್ಮ ಎಲೆ ಶಿಗ್ಗಾಂವಿಗೇ ಹೋಯಿತು. ವ್ಯಾಪಾರ ಸಣ್ಣದಾಯಿತು, ನಿಲ್ಲಲಿಲ್ಲ.

ಈಗ ಹಾನಗಲ್ಲಿನಲ್ಲಿ ನನ್ನ ಮೊಮ್ಮಕ್ಕಳ ಬಾಗಿಲಿಗೇ ಸಾಮಾನು ಬರುತ್ತದೆ. ಪೆಟ್ಟಿಗೆಯ ಮೇಲೆ ಹಸಿರು ಬಣ್ಣದಲ್ಲಿ 'ಪರಿಸರಸ್ನೇಹಿ' ಎಂದಿರುತ್ತದೆ. ಒಳಗೆ ಚೀಲ, ಅದರೊಳಗೆ ಮತ್ತೊಂದು ಚೀಲ. ಇದನ್ನೆಲ್ಲ ವಾಪಸ್ ಯಾರು ಒಯ್ಯುತ್ತಾರೆ ಎಂದು ನಾನು ಕೇಳಿದರೆ ತಂದುಕೊಡುವ ಹುಡುಗ ನಗುತ್ತಾನೆ. ಮೊನ್ನೆ ಮೊಮ್ಮಗಳು ಕಂಪನಿಗೇ ಫೋನ್ ಮಾಡಿ ಅದನ್ನು ಕೇಳಿದಳು. ಆ ಕಡೆಯವರು ಸ್ವಲ್ಪ ತಡೆಯಿರಿ ಎಂದು ಹೇಳಿ ಹಾಡು ಹಚ್ಚಿಬಿಟ್ಟರು. ಹಾಡು ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಅವಳು ಫೋನ್ ಇಡಲಿಲ್ಲ.